ಕಂಡಕ್ಟರ್ ಇಲ್ಲದ ಬಸ್ಸಿನಲ್ಲಿ ಎರಡು ತಿಂಗಳು

ಅಮೆರಿಕದಲ್ಲಿ ಬಸ್ ಹತ್ತಿದ ಮೊದಲ ದಿನವೇ ಎರಡು ಡಾಲರ್ ಇಪ್ಪತ್ತೈದು ಸೆಂಟ್ ಕಳೆದುಕೊಂಡೆ. ಯಾರೂ ಕದಿಯಲಿಲ್ಲ, ಮೋಸವನ್ನೂ ಮಾಡಲಿಲ್ಲ. ಬಸ್ಸಿನ ಟಿಕೆಟ್ 2.75 ಡಾಲರ್. ನನ್ನ ಕೈಯಲ್ಲಿದ್ದದ್ದು ಐದರ ನೋಟು. ಡ್ರೈವರ್ ಪಕ್ಕದಲ್ಲಿದ್ದ ಡಬ್ಬಿಯ ಬಾಯಿಗೆ ಹಿಡಿದೆ. ಡಬ್ಬಿ ನೋಟು ಎಳೆದುಕೊಂಡು ಸುಮ್ಮನಾಯಿತು. ನಾನು ಕೈ ಚಾಚಿಕೊಂಡು ನಿಂತೆ. ಡ್ರೈವರ್ ಹೆಣ್ಣುಮಗಳು. ಆಕೆ ನನ್ನ ಮುಖ ನೋಡಿದಳು, ನಾನು ಆಕೆಯ ಮುಖ ನೋಡಿದೆ. ಹಿಂದೆ ನಾಲ್ಕು ಜನ ಹತ್ತಲು ಕಾಯುತ್ತಿದ್ದರು. ಕೊನೆಗೆ ಆಕೆ ಡಬ್ಬಿಯ ಮೇಲಿನ ಬರಹದ ಕಡೆ ಬೆರಳು ತೋರಿಸಿದಳು. ಚಿಲ್ಲರೆ ಕೊಡುವುದಿಲ್ಲ, ಸರಿಯಾದ ಹಣ ಹಾಕಿ ಅಂತ ಅದರ ಅರ್ಥ.

ನಾನು ಹುಬ್ಬಳ್ಳಿಯಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದವನು. 1990ರಲ್ಲಿ ಸೇರಿದಾಗ ಅದು ಕೆಎಸ್‌ಆರ್‌ಟಿಸಿ. 1997ರ ನವೆಂಬರ್‌ನಿಂದ ವಾಯವ್ಯ ಸಾರಿಗೆ ಆಯಿತು. ಬಸ್ಸಿನ ಬಣ್ಣ, ಬೋರ್ಡು, ಟಿಕೆಟ್ಟು ಎಲ್ಲ ಬದಲಾದವು. ಚಿಲ್ಲರೆಯ ಜಗಳ ಮಾತ್ರ ಬದಲಾಗಲಿಲ್ಲ. ಚೀಲದಲ್ಲಿ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದು, "ಇಳಿಯೋ ಮುಂದ ಕೇಳಿ ಇಸ್ಕೋರಿ" ಅನ್ನುತ್ತಿದ್ದೆ. ಮರೆತು ಇಳಿದವರೂ ಇದ್ದರು. ಸುಳ್ಳು ಯಾಕೆ ಹೇಳಲಿ, ಅಂಥವರ ಎಂಟಾಣೆ ರೂಪಾಯಿಯಲ್ಲಿ ನಾನೂ ಅಣ್ಣಿಗೇರಿ ಸ್ಟ್ಯಾಂಡಿನಲ್ಲಿ ಚಹಾ ಕುಡಿದಿದ್ದೇನೆ. ಅವರೆಲ್ಲರ ಲೆಕ್ಕವನ್ನು ಈ ಡಬ್ಬಿ ಒಂದೇ ಏಟಿಗೆ ಚುಕ್ತಾ ಮಾಡಿತು ಅನ್ನಿಸಿತು.

ಊರು ಪಿಟ್ಸ್‌ಬರ್ಗ್. ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗದಲ್ಲಿದೆ. ಮಗಳು, ಅಳಿಯ ಇಬ್ಬರೂ ಅಲ್ಲಿದ್ದಾರೆ. 2024ರ ಮೇ ತಿಂಗಳಲ್ಲಿ ನಾನೂ ಹೆಂಡತಿಯೂ ಹೋದೆವು. ಅಮೆರಿಕ ಅಂದರೆ ನ್ಯೂಯಾರ್ಕ್ ಅಂತ ತಿಳಿದಿದ್ದ ನನಗೆ ಇದು ಸಣ್ಣ ಊರು. ನಗರದ ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ನಮ್ಮ ಹುಬ್ಬಳ್ಳಿ-ಧಾರವಾಡ 2011ರ ಜನಗಣತಿಯಲ್ಲೇ ಒಂಬತ್ತು ಲಕ್ಷ ದಾಟಿತ್ತು. ಆದರೂ ಅಲ್ಲಿ ಬಸ್ಸಿದೆ, ರೈಲಿದೆ, ಗುಡ್ಡ ಹತ್ತುವ ಪೆಟ್ಟಿಗೆಯಂಥ ಗಾಡಿ ಇದೆ. ಕಾರಿಲ್ಲದೆ ಅಮೆರಿಕದಲ್ಲಿ ಮನೆಯಿಂದ ಹೊರಗೆ ಕಾಲಿಡಲು ಆಗುವುದಿಲ್ಲ ಅಂತ ಹೋಗಿ ಬಂದವರೆಲ್ಲ ಹೆದರಿಸಿದ್ದರು. ಬೇರೆ ಊರಿನ ಮಾತು ನನಗೆ ಬೇಡ. ಈ ಊರನ್ನು ನಾನು ಹೆಚ್ಚುಕಡಿಮೆ ಬಸ್ಸಿನಲ್ಲೇ ನೋಡಿ ಮುಗಿಸಿದೆ.

ಬರುವಾಗ ಮಾತ್ರ ಅಳಿಯನ ಕಾರು. ವಿಮಾನ ನಿಲ್ದಾಣ ಊರಿನಿಂದ ದೂರ. ದಾರಿಯುದ್ದಕ್ಕೂ ಕಾಡು, ಗುಡ್ಡ. ಊರು ಎಲ್ಲಿದೆ ಅಂತ ಕೇಳಿದರೆ ಅಳಿಯ, "ತಡೀರಿ ಮಾವಾರ" ಅಂತ ನಕ್ಕರು. ಫೋರ್ಟ್ ಪಿಟ್ ಅನ್ನುವ ಸುರಂಗದೊಳಗೆ ಹೊಕ್ಕೆವು. ಹೊರಗೆ ಬಂದ ಕೂಡಲೇ ಸೇತುವೆ, ಕೆಳಗೆ ನದಿ, ಎದುರಿಗೆ ಆಕಾಶಕ್ಕೆ ನಿಂತ ಕಟ್ಟಡಗಳು. ನಾಟಕದ ಪರದೆ ಮೇಲೆತ್ತಿದ ಹಾಗೆ. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ನನ್ನ ಹೆಂಡತಿ, "ಅಯ್ಯ ನಮ್ಮವ್ವಾ" ಅಂತ ಎದ್ದು ಕೂತಳು.

ಮಕ್ಕಳು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗುತ್ತಿದ್ದರು. ಕಾರು ಅವರ ಜೊತೆ ಹೋಗುತ್ತಿತ್ತು. ನಾಲ್ಕನೇ ದಿನ ಮಗಳು ಒಂದು ಕಾರ್ಡು ತಂದು ಕೈಗಿಟ್ಟಳು. "ಅಪ್ಪಾ, ನೀ ಮನ್ಯಾಗ ಕುಂತ್ರ ಅವ್ವನ ತಲಿ ತಿಂತಿ. ಅಡ್ಡಾಡಿ ಬಾ" ಅಂದಳು. ಆ ಕಾರ್ಡಿನ ಹೆಸರು ಕನೆಕ್ಟ್ ಕಾರ್ಡ್. ಅದು ಕೈಗೆ ಸಿಗುವ ಮೊದಲೇ ಐದರ ನೋಟಿನ ಪ್ರಸಂಗ ಮುಗಿದಿತ್ತು ಅಂತ ಅವಳಿಗೆ ಹೇಳಲಿಲ್ಲ. ಈಗ ಓದಿದರೆ ಗೊತ್ತಾಗುತ್ತದೆ.

ಕಾರ್ಡಿನ ಲೆಕ್ಕ ನನ್ನ ಕಸುಬಿನದು, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕಾರ್ಡಿಗೆ ಮೊದಲೇ ದುಡ್ಡು ತುಂಬಿಸಬೇಕು. ಹತ್ತುವಾಗ ಯಂತ್ರಕ್ಕೆ ತೋರಿಸಿದರೆ 2.75 ಕಡಿತವಾಗುತ್ತದೆ. ಅಲ್ಲಿಂದ ಮೂರು ತಾಸು ಎಷ್ಟು ಬಸ್ ಬದಲಿಸಿದರೂ ಮತ್ತೆ ಕಡಿತವಿಲ್ಲ. ನಗದು ಕೊಟ್ಟರೆ ಈ ಸೌಲಭ್ಯ ಇಲ್ಲ, ಬಸ್ ಬದಲಿಸಿದಾಗಲೆಲ್ಲ ಹೊಸದಾಗಿ ಹಾಕಬೇಕು. ಸ್ಟೇಜ್ ಅನ್ನುವ ಮಾತೇ ಇಲ್ಲ. ಒಂದು ಸ್ಟಾಪ್ ಹೋದರೂ ಅಷ್ಟೇ, ಕೊನೆಯ ಸ್ಟಾಪ್‌ಗೆ ಹೋದರೂ ಅಷ್ಟೇ. ನನಗೆ ಇದು ಮೊದಲು ಹಿಡಿಸಲಿಲ್ಲ. ಹತ್ತಿರ ಹೋಗುವವನಿಗೆ ಅನ್ಯಾಯ ಅಲ್ವಾ? ಆಮೇಲೆ ಮೂರು ತಾಸಿನ ಮಹಿಮೆ ತಿಳಿಯಿತು. ಒಂದು ಟಿಕೆಟ್ಟಿನಲ್ಲಿ ಗ್ರಂಥಾಲಯಕ್ಕೆ ಹೋಗಿ, ಅಲ್ಲಿಂದ ತರಕಾರಿ ತಂದು, ಮನೆಗೆ ವಾಪಸ್ ಬರುವುದು ನನಗೆ ಆಟವಾಯಿತು. ಹೆಂಡತಿ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತ ನಿಂತರೆ ನಾನು ಗಡಿಯಾರ ನೋಡುತ್ತಿದ್ದೆ. "ಇಪ್ಪತ್ತು ನಿಮಿಷ ಉಳದಾವ" ಅನ್ನುತ್ತಿದ್ದೆ. "ರಿಟೈರ್ ಆದ್ರೂ ನಿಮ್ಮ ಟೈಮಿಂಗ್ ಹೋಗಲಿಲ್ಲ ನೋಡ್ರಿ" ಅನ್ನುತ್ತಿದ್ದಳು ಆಕೆ.

ಇನ್ನು ರಸ್ತೆಯ ಬದಿ. ಅಲ್ಲಿ ವಾಹನಗಳು ಬಲಕ್ಕೆ ಹೋಗುತ್ತವೆ ಅಂತ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಪೇಟೆಗೆ ಹೋಗಬೇಕಾದವನು ರಸ್ತೆಯ ತಪ್ಪು ಬದಿಯಲ್ಲಿ ನಿಂತು, ಬಂದ ಬಸ್ ಹತ್ತಿ, ಪೇಟೆಯ ವಿರುದ್ಧ ದಿಕ್ಕಿಗೆ ಮೈಲಿಗಟ್ಟಲೆ ಹೋಗಿದ್ದೇನೆ. ಅದೂ ಎರಡು ಸಲ. ರಸ್ತೆ ದಾಟುವಾಗಲೂ ಅಷ್ಟೇ. ಕುತ್ತಿಗೆ ತಾನಾಗಿ ಬಲಕ್ಕೆ ತಿರುಗುತ್ತದೆ, ಕಾರು ಎಡದಿಂದ ಬರುತ್ತದೆ. ಈ ಊರಿನವರಿಗೆ ಇನ್ನೊಂದು ಅಭ್ಯಾಸ ಇದೆ. ಸಿಗ್ನಲ್ ಹಸಿರಾದ ಕೂಡಲೇ ಎಡಕ್ಕೆ ತಿರುಗುವ ಮೊದಲ ಕಾರು, ಎದುರಿನವರು ಹೊರಡುವ ಮೊದಲೇ ಸರಕ್ಕನೆ ತಿರುಗಿ ಹೋಗುತ್ತದೆ. ಎದುರಿನವನೂ ಹೋಗು ಅಂತ ಬಿಡುತ್ತಾನೆ. ಇದಕ್ಕೆ 'ಪಿಟ್ಸ್‌ಬರ್ಗ್ ಲೆಫ್ಟ್' ಅಂತಲೇ ಹೆಸರು. ಕಾನೂನಿನಲ್ಲಿಲ್ಲ, ರೂಢಿಯಲ್ಲಿದೆ. ಅದನ್ನು ಕೇಳಿ ನನಗೆ ಒಂಥರಾ ಸಮಾಧಾನವಾಯಿತು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಡ್ಡಾಡಿದವನಿಗೆ ಇದೇನು ದೊಡ್ಡದು.

ಮಗಳ ಮನೆ ಇರುವ ಬಡಾವಣೆಯ ಹೆಸರು ಸ್ಕ್ವಿರಲ್ ಹಿಲ್. ಅಳಿಲು ಗುಡ್ಡ. ಹೆಸರಿಗೆ ತಕ್ಕ ಹಾಗೆ ಅಳಿಲೂ ಉಂಟು, ಗುಡ್ಡವೂ ಉಂಟು. ಪೇಟೆಯಿಂದ ಅಲ್ಲಿಗೆ 61ರ ಬಸ್ಸುಗಳು. ಆದರೆ 61 ಅಂದರೆ ಒಂದಲ್ಲ. 61ಎ, 61ಬಿ, 61ಸಿ, 61ಡಿ ಅಂತ ನಾಲ್ಕು. ಪೇಟೆಯಿಂದ ಹೊರಟು ವಿಶ್ವವಿದ್ಯಾಲಯಗಳಿರುವ ಓಕ್‌ಲ್ಯಾಂಡ್ ದಾಟಿ, ಫೋರ್ಬ್ಸ್ ರಸ್ತೆಯಲ್ಲಿ ನಾಲ್ಕೂ ಒಂದೇ ದಾರಿಯಲ್ಲಿ ಬರುತ್ತವೆ. ಫೋರ್ಬ್ಸ್ ಮತ್ತು ಮರ್ರೆ ರಸ್ತೆ ಕೂಡುವಲ್ಲಿ ಮಹಡಿಯ ಮೇಲೊಂದು ಗ್ರಂಥಾಲಯ ಇದೆ. ಅಲ್ಲಿ ಬೇರೆಯಾಗುತ್ತವೆ. ಸಿ, ಡಿ ಮರ್ರೆ ಕಡೆ ಬಲಕ್ಕೆ ಹೊರಳುತ್ತವೆ. ಎ, ಬಿ ನೇರ ಹೋಗುತ್ತವೆ. ನಮ್ಮ ಮನೆ ಮರ್ರೆ ರಸ್ತೆಯ ಇಳಿಜಾರಿನಲ್ಲಿ.

ಹುಬ್ಬಳ್ಳಿಯಲ್ಲಿ ಹಳ್ಳಿಯಿಂದ ಬಂದ ಮುದುಕರಿಗೆ ಸಾವಿರ ಸಲ ಹೇಳಿದ್ದೇನೆ. "ಬೋರ್ಡ್ ಪೂರ್ತಿ ಓದ್ರಿ ಯಜಮಾನ್ರ, ಬರೇ ನಂಬರ್ ನೋಡಿ ಹತ್ತಬ್ಯಾಡ್ರಿ" ಅಂತ. ಎರಡನೇ ವಾರ ನಾನು ಬರೇ ನಂಬರ್ ನೋಡಿ ಹತ್ತಿದೆ. ಅದು 61ಬಿ. ಗ್ರಂಥಾಲಯ ದಾಟಿತು, ಬಸ್ ಹೊರಳಲಿಲ್ಲ. ಇನ್ನೇನು ಹೊರಳಬಹುದು ಅಂತ ಕೂತೆ. ಅಂಗಡಿಗಳು ಹೋದವು, ಮನೆಗಳು ಬಂದವು, ಆಮೇಲೆ ಗಿಡಮರ, ಒಂದು ಉದ್ದನೆಯ ಸೇತುವೆ. ಕೆಳಗೆ ನೋಡಿದರೆ ಆಳವಾದ ಕಣಿವೆ, ತುಂಬ ಮರ. ಆಗ ಗೊತ್ತಾಯಿತು.

ಇಳಿಯುವುದು ಹೇಗೆ ಅನ್ನುವುದೂ ಒಂದು ಕಥೆ. ಕಿಟಕಿಯ ಮೇಲೆ ಉದ್ದಕ್ಕೂ ಹಳದಿ ಹಗ್ಗ ಕಟ್ಟಿರುತ್ತಾರೆ. ಎಳೆದರೆ ಟಿಣ್ ಅನ್ನುತ್ತದೆ. ಮುಂದಿನ ಸ್ಟಾಪಿನಲ್ಲಿ ನಿಲ್ಲಿಸುತ್ತಾರೆ. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಬಸ್ಸುಗಳಲ್ಲೂ ಗಂಟೆಯ ಹಗ್ಗ ಇತ್ತು. ಒಂದು ಸಲ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ಹೊರಡು. ಆ ಹಗ್ಗ ಕಂಡಕ್ಟರನ ಸೊತ್ತು, ಬೇರೆಯವರು ಮುಟ್ಟಿದರೆ ಬೈಯುತ್ತಿದ್ದೆವು. ಇಲ್ಲಿ ಶಾಲೆಯ ಹುಡುಗನೂ ಎಳೆಯುತ್ತಾನೆ. ಒಮ್ಮೆ ಸ್ಟಾಪಿನಲ್ಲಿ ಎಲ್ಲರೂ ಇಳಿದು ಹತ್ತಿ ಆದ ಮೇಲೂ ಬಸ್ ಹೊರಡಲಿಲ್ಲ. ನನ್ನ ಕೈ ತಾನಾಗಿ ಹೋಗಿ ಹಗ್ಗವನ್ನು ಎರಡು ಸಲ ಎಳೆದುಬಿಟ್ಟಿತು. ಪುಣ್ಯಕ್ಕೆ ಬಾಯಿಂದ "ರೈಟ್" ಬರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಡ್ರೈವರ್ ಬಾಗಿಲು ತೆರೆದು ಕನ್ನಡಿಯಲ್ಲಿ ನೋಡುತ್ತ ಕಾದ. ಯಾರೂ ಇಳಿಯಲಿಲ್ಲ. ನಾನು ಕಿಟಕಿಯ ಹೊರಗಿನ ಮರವನ್ನು ಬಹಳ ಆಸಕ್ತಿಯಿಂದ ನೋಡಿದೆ.

61ಬಿಯಿಂದ ಸೇತುವೆ ದಾಟಿದ ಮೇಲೆ ಇಳಿದೆನಲ್ಲ, ಅಲ್ಲಿ ಬಸ್ ಸ್ಟಾಪಿನ ಬೆಂಚಿನ ಮೇಲೆ ಒಬ್ಬ ಮುದುಕರು ಕೂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಮುಖ ನೋಡಿ, "ಯಿನ್ಜ್ ಲಾಸ್ಟ್?" ಅಂದರು. ಲಾಸ್ಟ್ ತಿಳಿಯಿತು, ಯಿನ್ಜ್ ತಿಳಿಯಲಿಲ್ಲ. ನನ್ನ ಇಂಗ್ಲಿಷ್ ಕಂಡಕ್ಟರ್ ಇಂಗ್ಲಿಷ್. ರೈಟ್, ಹೋಲ್ಡಾನ್, ಸೀಟ್ ಫುಲ್, ಲಗೇಜ್ ಎಕ್ಸ್‌ಟ್ರಾ. ಅಷ್ಟರಲ್ಲೇ ಸಂಸಾರ ತೂಗಿಸಬೇಕು. ಸಿಕ್ಸ್ಟಿವನ್ ಸಿ, ಮರ್ರೆ, ಡಾಟರ್ ಹೌಸ್ ಅಂದೆ. ಅವರಿಗೆ ಎಲ್ಲ ತಿಳಿಯಿತು. ಇದೇ ರಸ್ತೆಯ ಆಚೆ ಬದಿಗೆ ಹೋಗು, ವಾಪಸ್ ಗ್ರಂಥಾಲಯದ ಹತ್ತಿರ ಇಳಿ, ಅಲ್ಲಿ ಬಸ್ ಬದಲಿಸು ಅಂತ ಕೈಯಲ್ಲೇ ನಕಾಶೆ ಬರೆದು ತೋರಿಸಿದರು. ಅವರ ಬಸ್ ಬರಲು ಹೊತ್ತಿತ್ತು, ನನಗೂ ಹೊತ್ತಿತ್ತು. ನಾನೂ ಬಸ್ಸಿನವನೇ ಅಂದ ಮೇಲೆ ಅವರು ಹಳೆಯ ಪದ್ಧತಿ ಹೇಳಿದರು. ಮೊದಲು ಪೇಟೆಗೆ ಹೋಗುವಾಗ ಹತ್ತುತ್ತಲೇ ದುಡ್ಡು ಕೊಡಬೇಕಿತ್ತು, ಪೇಟೆಯಿಂದ ಬರುವಾಗ ಇಳಿಯುತ್ತ ಕೊಡಬೇಕಿತ್ತಂತೆ. 2017ರಿಂದ ಎರಡೂ ಕಡೆ ಹತ್ತುವಾಗಲೇ. ಇಳಿಯುವಾಗ ದುಡ್ಡು! ಸಂತೆಯ ದಿನ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಹಾಗೆ ಮಾಡಿದ್ದರೆ ನನ್ನ ಕಲೆಕ್ಷನ್ ಏನಾಗುತ್ತಿತ್ತು ಅಂತ ಯೋಚಿಸಿ ಬೆವತುಹೋದೆ.

ಯಿನ್ಜ್ ಅಂದರೇನು ಅಂತ ಸಂಜೆ ಅಳಿಯನನ್ನು ಕೇಳಿದೆ. 'ನೀವೆಲ್ಲ' ಅಂತ ಅರ್ಥವಂತೆ. ಈ ಊರಿನವರು, ಸುತ್ತಮುತ್ತಲಿನವರು ಹಾಗೆ ಅನ್ನುವುದು. ಡೌನ್‌ಟೌನ್ ಅನ್ನುವುದನ್ನು ಇಲ್ಲಿಯ ಹಳಬರು 'ಡಾನ್‌ಟಾನ್' ಅನ್ನುತ್ತಾರೆ. ಮಾತಿನ ಕೊನೆಗೆ 'ನ್ಯಾಟ್' ಅಂತ ಒಂದು ಸೇರಿಸುತ್ತಾರೆ. ಅದು ಇದು, ಇನ್ನೂ ಏನೇನೋ ಅಂತ ಅದರ ಭಾವ. ನಾವು ಚಾ ಗೀ, ಊಟ ಗೀಟ ಅನ್ನುತ್ತೇವಲ್ಲ, ಅದೇ. ಬೇರೆ ಊರಿನ ಅಮೆರಿಕನ್ನರು ಇವರ ಮಾತು ಕೇಳಿ ನಗುತ್ತಾರಂತೆ. ಬೆಂಗಳೂರಿಗೆ ಹೋದಾಗ ನಮ್ಮ "ಹೌದಲ್ರೀ" ಕೇಳಿ ನಗುವ ಹಾಗೆ. ಅಂದಿನಿಂದ ಈ ಊರು ನನಗೆ ಬೀಗರ ಊರಿನಂತಾಯಿತು.

ಅದೇ ಸಂಜೆ ಅಳಿಯ ಇನ್ನೊಂದು ವಿಷಯ ಹೇಳಿದರು. ನಾನು ದಾಟಿದ ಸೇತುವೆಯ ಹೆಸರು ಫರ್ನ್ ಹಾಲೋ. ನಾನು ನೋಡಿದ್ದು ಹೊಸದು. ಹಳೆಯದು 2022ರ ಜನವರಿ 28ರ ನಸುಕಿನಲ್ಲಿ ಕುಸಿದು ಬಿದ್ದಿತ್ತು. ಆಗ ಅದರ ಮೇಲೆ ಒಂದು ಬಸ್ಸೂ ಇತ್ತು. ಎರಡು ತುಂಡು ಜೋಡಿಸಿದ ಉದ್ದನೆಯ ಬಸ್, ನಮ್ಮವರು ವೆಸ್ಟಿಬ್ಯೂಲ್ ಅನ್ನುತ್ತಾರಲ್ಲ, ಅಂಥದ್ದು. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಮುರಿದ ಸೇತುವೆಯ ಮೇಲೆ, ಹಿಮದ ನಡುವೆ ಬಸ್ ಓರೆಯಾಗಿ ನಿಂತಿದೆ. ಯಾರೂ ಸಾಯಲಿಲ್ಲ. ಚರಂಡಿ ಕಟ್ಟಿಕೊಂಡು ನೀರು ನಿಂತು ಉಕ್ಕಿನ ಕಾಲುಗಳು ತುಕ್ಕು ತಿಂದಿದ್ದವು ಅಂತ ಆಮೇಲೆ ತನಿಖೆಯಲ್ಲಿ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಹೊಸ ಸೇತುವೆ ತೆರೆದರು. ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ಮಗಳು ಫೋನ್ ಕಸಿದುಕೊಂಡಳು. ಬಸ್ಸಿನಲ್ಲಿ ದುಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಈ ಊರಿನಲ್ಲಿ ಒಟ್ಟು 446 ಸೇತುವೆ ಇವೆ ಅಂತ ಹೆಮ್ಮೆಯಿಂದ ಹೇಳುತ್ತಾರೆ. ನಾನು ಆಮೇಲೆ ಯಾವ ಸೇತುವೆ ಬಂದರೂ ಕಂಬಿ ಹಿಡಿದುಕೊಳ್ಳುತ್ತಿದ್ದೆ.

ಕಂಡಕ್ಟರ್ ಇಲ್ಲದ ಬಸ್ಸಿನಲ್ಲಿ ಕಂಡಕ್ಟರನ ಕೆಲಸ ಯಾರು ಮಾಡುತ್ತಾರೆ? ನನಗೆ ಮೊದಲಿನಿಂದ ಕಾಡಿದ ಪ್ರಶ್ನೆ ಇದು. ದುಡ್ಡು ಡಬ್ಬಿ ನೋಡಿಕೊಳ್ಳುತ್ತದೆ. ಸ್ಟಾಪಿನ ಹೆಸರನ್ನು ಯಂತ್ರ ಕೂಗುತ್ತದೆ. ಬಾಗಿಲು ಡ್ರೈವರ್ ಕೈಯಲ್ಲಿ. ಸೈಕಲ್ ತಂದವನು ಬಸ್ಸಿನ ಮೂತಿಯ ಮುಂದಿನ ಚೌಕಟ್ಟಿನಲ್ಲಿ ತಾನೇ ಸಿಕ್ಕಿಸುತ್ತಾನೆ. ಲಗೇಜ್ ಟಿಕೆಟ್ ಇಲ್ಲ. ಆದರೆ ಒಂದು ದಿನ ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು ಸ್ಟಾಪಿನಲ್ಲಿ ಕಾಯುತ್ತಿದ್ದಳು. ಬಸ್ ಉಸ್ ಅಂತ ಉಸಿರು ಬಿಟ್ಟು ಒಂದು ಬದಿಗೆ ಬಗ್ಗಿತು, ಒಂಟೆ ಕೂತ ಹಾಗೆ. ಬಾಗಿಲಿನಿಂದ ಒಂದು ಹಲಗೆ ಬಿಚ್ಚಿಕೊಂಡು ಹೊರಗೆ ಬಂತು. ಡ್ರೈವರ್ ತನ್ನ ಸೀಟಿನಿಂದ ಎದ್ದ. ಮುಂದಿನ ಸೀಟಿನವರನ್ನು ಎಬ್ಬಿಸಿ, ಸೀಟು ಮೇಲಕ್ಕೆ ಮಡಚಿ, ಕುರ್ಚಿಯನ್ನು ಒಳಗೆ ತಂದು ಪಟ್ಟಿ ಬಿಗಿದ. ನಾಲ್ಕೈದು ನಿಮಿಷ ಹಿಡಿಯಿತು. ಬಸ್ ತುಂಬ ಜನ ಇದ್ದರು, ಒಬ್ಬರೂ ಗೊಣಗಲಿಲ್ಲ. ನನ್ನ ಸರ್ವೀಸಿನಲ್ಲಿ ಅಂಥವರನ್ನು ಎರಡು ಕಂಕುಳಿಗೆ ಕೈ ಹಾಕಿ ಎತ್ತಿ ಹತ್ತಿಸಿದ್ದೇನೆ. ಪುಣ್ಯದ ಕೆಲಸ ಅಂತ ಅಂದುಕೊಂಡಿದ್ದೆ. ಎತ್ತಿಸಿಕೊಂಡವರಿಗೆ ಹೇಗೆ ಅನ್ನಿಸಿರಬಹುದು ಅಂತ ಆವತ್ತು ಮೊದಲ ಸಲ ಯೋಚಿಸಿದೆ.

ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಯೂ ಅನ್ನುತ್ತಾರೆ. ಹಿಂದಿನ ಬಾಗಿಲಿನಿಂದ ಇಳಿಯುವವರು ಕೂಗಿ ಅನ್ನುತ್ತಾರೆ. ಹದಿಹರೆಯದ ಹುಡುಗರು ಕಿವಿಯಲ್ಲಿ ಹಾಡು ತುಂಬಿಕೊಂಡೇ ಅನ್ನುತ್ತಾರೆ. ನನಗೂ ರೂಢಿಯಾಯಿತು. ಊರಿಗೆ ಬಂದ ಮೇಲೆ ಸಿಬಿಟಿಯಿಂದ, ಅಂದರೆ ಸಿಟಿ ಬಸ್ ನಿಲ್ದಾಣದಿಂದ, ನವನಗರಕ್ಕೆ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಂಡಕ್ಟರ್ ಒಬ್ಬ ಹುಡುಗಿ, ಹೊಸಬಳು. ಇಳಿಯುವಾಗ ಅಭ್ಯಾಸಬಲದಿಂದ ಥ್ಯಾಂಕ್ಯೂ ಅಂದೆ. ಆಕೆ ಗಾಬರಿಯಾಗಿ ಚೀಲಕ್ಕೆ ಕೈ ಹಾಕಿದಳು. "ಯಾಕ್ರೀ ಕಾಕಾ, ಚಿಲ್ರಿ ಕೊಟ್ಟೀನಲ್ಲ?"

ಚಿಗರಿ ಬಸ್ಸಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸಿಗೆ ಅಂತಲೇ ಬೇರೆ ದಾರಿ ಮಾಡಿ, 2018ರಲ್ಲಿ ಚಿಗರಿ ಓಡಿಸಲು ಶುರು ಮಾಡಿದರು. ಸುಮಾರು 22 ಕಿಲೋಮೀಟರ್. ಇಂಥದ್ದು ನಮ್ಮಲ್ಲೇ ಮೊದಲು ಅಂತ ನಾನು ಅಮೆರಿಕದಲ್ಲಿ ಕೊಚ್ಚಿಕೊಳ್ಳಲು ತಯಾರಾಗಿ ಹೋಗಿದ್ದೆ. ನೋಡಿದರೆ ಈ ಊರಿನಲ್ಲಿ ಬಸ್ಸಿಗಷ್ಟೇ ಮೀಸಲಾದ ರಸ್ತೆ 1977ರಲ್ಲೇ ಬಂದಿದೆ, ದಕ್ಷಿಣದ ಕಡೆ. 1983ರಲ್ಲಿ ಪೂರ್ವದ ಕಡೆ ಇನ್ನೊಂದು. 2000ದಲ್ಲಿ ಪಶ್ಚಿಮಕ್ಕೆ ಮತ್ತೊಂದು. 1983ರಲ್ಲಿ ನಾನು ಕೆಲಸವಿಲ್ಲದೆ ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬಸ್ ಎಣಿಸುತ್ತಿದ್ದೆ.

ಪೂರ್ವದ ಬಸ್‌ವೇಯಲ್ಲಿ ಪಿ1 ಅನ್ನುವ ಬಸ್ ಹತ್ತಿದೆ. ಪಕ್ಕದಲ್ಲೇ ರೈಲು ಹಳಿ. ಗೂಡ್ಸ್ ಗಾಡಿ ಬಂದರೆ ಮುಗಿಯುವುದೇ ಇಲ್ಲ. ಚಿಗರಿಯ ದಾರಿ ದೊಡ್ಡ ರಸ್ತೆಯ ನಡುವೆಯೇ ಇದೆ, ಹಾಗಾಗಿ ಅಲ್ಲಲ್ಲಿ ಸಿಗ್ನಲ್ ದಾಟಬೇಕು. ಇದು ಬೇರೆಯದೇ ರಸ್ತೆ. ಕೆಳಗೆ ತಗ್ಗಿನಲ್ಲಿ ಹೋಗುತ್ತದೆ, ಊರಿನ ರಸ್ತೆಗಳು ಮೇಲಿನ ಸೇತುವೆಗಳ ಮೇಲೆ. ಹಾಗಾಗಿ ಸಿಗ್ನಲ್ಲೇ ಇಲ್ಲ. ಪೇಟೆಯಿಂದ ಈಸ್ಟ್ ಲಿಬರ್ಟಿ ಅನ್ನುವ ಬಡಾವಣೆಗೆ ಹತ್ತು ಹನ್ನೆರಡು ನಿಮಿಷ. ಆದರೆ ನಿಲ್ದಾಣದ ವಿಷಯದಲ್ಲಿ ನಮ್ಮದೇ ಮೇಲು. ಚಿಗರಿಯಲ್ಲಿ ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಕಾಲೆತ್ತಿ ಹತ್ತಬೇಕಿಲ್ಲ. ಪಿಟ್ಸ್‌ಬರ್ಗಿನಲ್ಲಿ ಬಸ್ಸೇ ಬಗ್ಗಬೇಕು. ಇದನ್ನು ಅಳಿಯನಿಗೆ ಒತ್ತಿ ಒತ್ತಿ ಹೇಳಿದೆ. ಅವರು ಬೆಳಗಾವಿ ಕಡೆಯವರು, ಹುಬ್ಬಳ್ಳಿಯ ಹೊಗಳಿಕೆಯನ್ನು ಸುಲಭಕ್ಕೆ ಒಪ್ಪುವುದಿಲ್ಲ.

ರೈಲಿಗೆ ಇಲ್ಲಿ 'ಟಿ' ಅಂತಷ್ಟೇ ಹೆಸರು. ಪೇಟೆಯೊಳಗಿನ ನಿಲ್ದಾಣಗಳ ನಡುವೆ, ಮತ್ತು ನದಿಯ ಆಚೆಯ ದಡದ ಎರಡು ನಿಲ್ದಾಣಗಳಿಗೆ ಪುಕ್ಕಟೆ. ಅಲೆಗೆನಿ ನದಿಯ ಕೆಳಗೆ ಸುರಂಗ ಕೊರೆದು 2012ರಲ್ಲಿ ಆಚೆಗೆ ಒಯ್ದಿದ್ದಾರೆ. ಪುಕ್ಕಟೆ ಅಂದ ಮೇಲೆ ಬಿಡುವುದುಂಟೇ? ಒಂದೇ ಮಧ್ಯಾಹ್ನ ನಾಲ್ಕು ಸಲ ನದಿಯ ಕೆಳಗೆ ಹೋಗಿ ಬಂದೆವು. ಕಿಟಕಿಯಲ್ಲಿ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. "ನೀರ ಎಲ್ಲಿ ಅದರಿ?" ಅಂತ ಹೆಂಡತಿ ಕೇಳುತ್ತಲೇ ಇದ್ದಳು. ಆಮೇಲೆ ಮೂಲೆಯ ತೋಟಕ್ಕೆ ನಡೆದೆವು. ಅಲ್ಲಿ ಅಲೆಗೆನಿ ಮತ್ತು ಮನಾಂಗಹೀಲ ಎರಡೂ ಕೂಡಿ ಒಹಾಯೊ ಆಗುತ್ತವೆ. ಆಕೆ ಚಪ್ಪಲಿ ಬಿಟ್ಟು, ದಡದ ಮೆಟ್ಟಿಲಿನಲ್ಲಿ ಬಗ್ಗಿ, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎರಡು ಹೊಳೆ ಕೂಡಿದ ಮೇಲೆ ಕೂಡಲಸಂಗಮವಾದರೇನು, ಪಿಟ್ಸ್‌ಬರ್ಗ್ ಆದರೇನು ಅಂತ ಆಕೆಯ ವಾದ. ಪಕ್ಕದಲ್ಲಿ ಓಡುತ್ತಿದ್ದ ಒಬ್ಬ ಬಿಳಿಯ ಹುಡುಗ ನಿಂತು ನೋಡಿ ಮತ್ತೆ ಓಡಿದ.

ಆದರೆ ಈ ಊರಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗುಡ್ಡ ಹತ್ತುವ ಗಾಡಿ. ಇಂಕ್ಲೈನ್ ಅನ್ನುತ್ತಾರೆ. ನದಿಯ ದಡದಲ್ಲೇ ಕಡಿದಾದ ಗುಡ್ಡ ಎದ್ದು ನಿಂತಿದೆ. ಈಗಿನ ಹೆಸರು ಮೌಂಟ್ ವಾಷಿಂಗ್ಟನ್. ಮೊದಲು ಕಲ್ಲಿದ್ದಲು ತೆಗೆಯುತ್ತಿದ್ದರಿಂದ ಕೋಲ್ ಹಿಲ್ ಅನ್ನುತ್ತಿದ್ದರು. ಕಾರ್ಖಾನೆಗಳು ಕೆಳಗೆ, ಕೂಲಿಯವರ ಮನೆಗಳು ಮೇಲೆ. ದಿನಾ ಹತ್ತಿ ಇಳಿಯುವುದು ಹೇಗೆ? ಅದಕ್ಕೆ ಗುಡ್ಡದ ಮೈಮೇಲೆ ಹಳಿ ಹಾಸಿ, ಉಕ್ಕಿನ ಹಗ್ಗಕ್ಕೆ ಎರಡು ಡಬ್ಬಿ ಕಟ್ಟಿದರು. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ. ಬಾವಿಯ ಗಡಗಡೆಗೆ ಹಗ್ಗದ ಎರಡು ತುದಿಯಲ್ಲಿ ಎರಡು ಕೊಡ ಕಟ್ಟಿದ ಹಾಗೆ. ಇಳಿಯುವ ಡಬ್ಬಿಯ ಭಾರವೇ ಏರುವುದನ್ನು ಅರ್ಧ ಎಳೆಯುತ್ತದೆ. ಒಂದು ಕಾಲದಲ್ಲಿ ಇಂಥವು ಹತ್ತಾರು ಇದ್ದವು. ಈಗ ಉಳಿದಿರುವುದು ಎರಡು. ಮನಾಂಗಹೀಲ ಇಂಕ್ಲೈನ್ 1870ರದು, ಡ್ಯುಕೇನ್ ಇಂಕ್ಲೈನ್ 1877ರದು.

ಪ್ರವಾಸಿಗಳ ಆಟಿಕೆ ಅಂತ ತಿಳಿದು ಹೋದೆ. ಸಂಜೆ ಐದೂವರೆಗೆ ನೋಡಿದರೆ ಕೈಚೀಲ ಹಿಡಿದು ಕೆಲಸದಿಂದ ಮನೆಗೆ ಹೋಗುವವರು ಅದರಲ್ಲಿ ಕೂತಿದ್ದಾರೆ. ಒಬ್ಬಳ ಚೀಲದಿಂದ ಸೊಪ್ಪು ಇಣುಕುತ್ತಿತ್ತು. ನನ್ನ ಅದೇ ಬಸ್ ಕಾರ್ಡು ಇಲ್ಲೂ ನಡೆಯಿತು. ಅಂದರೆ ಇದೂ ಒಂದು ಬಸ್ಸೇ, ಗುಡ್ಡದ ಮೇಲೆ ನೈಟ್ ಹಾಲ್ಟ್ ಇರುವ ಬಸ್ಸು. ಡ್ಯುಕೇನ್ ಇಂಕ್ಲೈನಿನ ಡಬ್ಬಿ ಒಳಗೆಲ್ಲ ಹಳೆಯ ಮರದ ಕೆತ್ತನೆ, ನಮ್ಮ ಗದಗ ಕಡೆಯ ಹಳೆಯ ವಾಡೆಯ ಬಾಗಿಲಿನಂತೆ. ಹೆಂಡತಿ ಕಣ್ಣು ಮುಚ್ಚಿ ಎಲ್ಲಮ್ಮನ ನೆನೆಯುತ್ತಿದ್ದಳು. ಮೇಲೆ ಹೋದ ಮೇಲೆ ಕಣ್ಣು ಬಿಟ್ಟಳು. ಕೆಳಗೆ ಮೂರು ನದಿ, ಹಳದಿ ಬಣ್ಣದ ಸೇತುವೆಗಳು ಸಾಲಾಗಿ ನಿಂತಿದ್ದವು. ಉಣಕಲ್ಲಿನ ನೃಪತುಂಗ ಬೆಟ್ಟದಿಂದ ಹುಬ್ಬಳ್ಳಿ ನೋಡಿದ ನೆನಪಾಯಿತು. ಅಲ್ಲಿಗೆ ಇಂಥದ್ದೊಂದು ಹಾಕಿದರೆ ಹೆಂಗ ಅಂದೆ. "ನಿಮಗ ಮತ್ತ ಕೆಲಸ ಸಿಗತದ ಅಂತ ಆಸೆ" ಅಂದಳು.

ನಡೆಯುವವರಿಗೆ ಒಂದು ಎಚ್ಚರಿಕೆ. ಮೊಬೈಲಿನ ನಕಾಶೆ ರಸ್ತೆ ಅಂತ ತೋರಿಸಿದ್ದು ರಸ್ತೆಯೇ ಆಗಿರಬೇಕಿಲ್ಲ. ಈ ಊರಿನಲ್ಲಿ ಸಾರ್ವಜನಿಕ ಮೆಟ್ಟಿಲ ಸಾಲುಗಳು 700ಕ್ಕೂ ಹೆಚ್ಚು ಇವೆ. ಅವುಗಳಲ್ಲಿ ಎಷ್ಟೋ ಸರ್ಕಾರಿ ದಾಖಲೆಯಲ್ಲಿ ರಸ್ತೆಗಳೇ. ಹೆಸರಿನ ಫಲಕವೂ ಇರುತ್ತದೆ. ಐದು ನಿಮಿಷದ ದಾರಿ ಅಂತ ತಿರುವು ತೆಗೆದುಕೊಂಡೆ, ಎದುರಿಗೆ ಗೋಡೆಯ ಹಾಗೆ ಮೆಟ್ಟಿಲು. ಹತ್ತುತ್ತ ಎಣಿಸಿದೆ, 138. ಮೊಣಕಾಲು ಹಿಡಿದವು. ನಡುವೆ ಒಂದು ಮನೆ ಇತ್ತು. ಅದರ ಬಾಗಿಲಿಗೆ ಬರಲು ಆ ಮೆಟ್ಟಿಲು ಬಿಟ್ಟು ಬೇರೆ ದಾರಿ ಕಾಣಲಿಲ್ಲ. ಅವರು ಫ್ರಿಜ್ ಹೇಗೆ ತಂದರೋ.

ಭಾನುವಾರ ಬಸ್ಸುಗಳು ಕಡಿಮೆ. ಆವತ್ತು ಅಳಿಯನ ಕಾರಿನಲ್ಲಿ ಪೆನ್ ಹಿಲ್ಸ್‌ನ ವೆಂಕಟೇಶ್ವರ ಗುಡಿಗೆ. 1970ರ ದಶಕದಲ್ಲಿ ಕಟ್ಟಿದ್ದು, ಅಮೆರಿಕದ ಹಳೆಯ ಗುಡಿಗಳಲ್ಲೊಂದು. ಬಿಳಿ ಗೋಪುರ, ಸುತ್ತ ಕಾಡು. ಅಲ್ಲಿಯ ಪುಳಿಯೋಗರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಬರದ ಊರು ಅಂತ ನನಗೆ ಅದರ ಬಗ್ಗೆ ಹೆಚ್ಚು ಹೇಳಲು ಇಲ್ಲ.

ಹೊರಡುವ ಹಿಂದಿನ ದಿನ ಕಾರ್ಡಿನಲ್ಲಿ ಎಷ್ಟಿದೆ ಅಂತ ನೋಡಿದೆ. 5 ಡಾಲರ್ 50 ಸೆಂಟ್. ಸರಿಯಾಗಿ ಎರಡು ಟ್ರಿಪ್. "ಕೊಡು ಅಪ್ಪಾ, ನಾ ಉಪಯೋಗ ಮಾಡ್ಕೋತೀನಿ" ಅಂದಳು ಮಗಳು. ಕೊಡಲಿಲ್ಲ. ಒಂದು ಸಣ್ಣ ಚೀಟಿಯಲ್ಲಿ '5.50 ಬಾಕಿ' ಅಂತ ಬರೆದು, ಕೆಳಗೆ ಗೀಟು ಎಳೆದು, ಕಾರ್ಡಿನ ಹಿಂದೆ ಅಂಟಿಸಿದೆ. ಈಗಲೂ ನನ್ನ ಪಾಕೀಟಿನಲ್ಲಿದೆ. ಮೊನ್ನೆ ಹೆಂಡತಿ ಅದನ್ನು ನೋಡಿದಳು. ಹಿಂದೆ ಮುಂದೆ ತಿರುಗಿಸಿದಳು.

"ಇಳಿಯೋ ಮುಂದ ಕೇಳಿ ಇಸ್ಕೋಬೇಕಿತ್ತಿಲ್ಲೋ?" ಅಂದಳು.